ಲಂಗರು ಬೇರೆ, ಧಕ್ಕೆ ಬೇರೆ

‘ಬೈತಖೋಲದ ಧಕ್ಕೆಯಲ್ಲಿ ಲಂಗರು ಹಾಕಿರುವ ಹಡಗು.’ ಕಾರವಾರ ಬಂದರಿನ ಫೋಟೊದ ಕೆಳಗೆ ಇಂಥ ಸಾಲು ಎಷ್ಟು ಸಲ ಓದುವುದು? ಚಿತ್ರದಲ್ಲಿ ಕಾಣುವುದು ಧಕ್ಕೆಯ, ಅಂದರೆ ಹಡಗು ತಾಗಿ ನಿಲ್ಲುವ ಕಟ್ಟೆಯ, ಮೇಲಿನ ಗಿಡ್ಡ ಕಂಬಕ್ಕೆ (ಬೊಲಾರ್ಡಿಗೆ) ಹಗ್ಗ ಬಿಗಿದು ಕಟ್ಟಿದ ಹಡಗು. ಅದರ ಲಂಗರು ನೀರಿಗೆ ಇಳಿದೇ ಇಲ್ಲ, ಹಡಗಿನ ಮೈಗೆ ಅಂಟಿಕೊಂಡು ಮೇಲೆಯೇ ಇದೆ.

ಲಂಗರು, ಬಂದರು ಎರಡೂ ಪಾರಸಿಯಿಂದ ಬಂದವು. ಧಕ್ಕೆ ಕರಾವಳಿಯ ಮಾತು, ಮುಂಬೈನ ಭಾವೂಚಾ ಧಕ್ಕಾದಲ್ಲಿರುವುದೂ ಅದೇ. ಘಟ್ಟ ಹತ್ತಿ ಶಿರಸಿಗೆ ಹೋದರೆ ಧಕ್ಕೆ ಎಂದಾಗ ಮೊದಲು ಹೊಳೆಯುವುದು ಹಾನಿ. ಈ ಮುಜುಗರಕ್ಕೇ ಬರೆಯುವವರು ಧಕ್ಕೆಯನ್ನು ಬಿಟ್ಟು ಎಲ್ಲದಕ್ಕೂ ಲಂಗರನ್ನು ಹಿಡಿದಿರಬೇಕು. ಆದರೆ ಲಂಗರಿನ ಕೆಲಸವೇ ಬೇರೆ. ನೀರಿನ ಆಳದ ಹಲವು ಪಟ್ಟು ಉದ್ದದ ಸರಪಳಿ ಬಿಡುತ್ತಾರೆ. ಅದರ ಲೆಕ್ಕ ಶ್ಯಾಕಲ್‌ಗಳಲ್ಲಿ, ಒಂದು ಶ್ಯಾಕಲ್ ಅಂದರೆ 27.5 ಮೀಟರ್. ತಳದಲ್ಲಿ ಮಲಗಿದ ಸರಪಳಿಯ ಭಾರದಿಂದ ಎಳೆತ ನೆಲಕ್ಕೆ ಸಮವಾಗಿ ಬೀಳುತ್ತದೆ, ಆಗಲೇ ಲಂಗರು ಕೆಸರನ್ನು ಕಚ್ಚುವುದು. ಸರಪಳಿ ಸಾಲದಿದ್ದರೆ ಎಳೆತ ಮೇಲ್ಮುಖವಾಗಿ, ಲಂಗರು ಕಿತ್ತು ಹಡಗು ಜಾರುತ್ತದೆ. ಲಂಗರಿನ ಮೇಲೆ ನಿಂತ ಹಡಗು ಗಾಳಿ, ಸೆಳೆತ ಬಂದತ್ತ ತಿರುಗುತ್ತಲೇ ಇರುತ್ತದೆ. ಧಕ್ಕೆಯ ಪಕ್ಕದಲ್ಲಿ ಹಾಗೆ ತಿರುಗಲು ಜಾಗವೆಲ್ಲಿ? ಬೇಲೆಕೇರಿ ಬಂದರಿನ ಅದಿರಿನ ಹಡಗುಗಳಿಗೆ ಲಂಗರು ಸರಿಯಾದ ಮಾತು: ಅವು ಹೊರಗೆ ಕಡಲಲ್ಲೇ ನಿಲ್ಲುತ್ತಿದ್ದವು, ಅದಿರು ಬಾರ್ಜುಗಳೆಂಬ ಚಪ್ಪಟೆ ದೋಣಿಗಳಲ್ಲಿ ಅಲ್ಲಿಗೆ ಹೋಗುತ್ತಿತ್ತು.

ಸರಕು ಹಡಗಿನಲ್ಲಿ ಪ್ರಯಾಣಿಕರಾಗಿ ಸಾಗರ ದಾಟಲು ಹೊರಟವರಿಗೆ ಈ ವ್ಯತ್ಯಾಸ ತಿಳಿಯಲೇಬೇಕು. 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ದರೆ ಅಂತರರಾಷ್ಟ್ರೀಯ ನಿಯಮದಲ್ಲಿ ಅದು ಪ್ರಯಾಣಿಕ ಹಡಗೇ ಆಗಿಬಿಡುತ್ತದೆ. ಆದ್ದರಿಂದ ಇರುವುದು ಕೆಲವೇ ಜಾಗ, ವೇಳಾಪಟ್ಟಿಯೆಲ್ಲ ಸರಕಿನದು. ‘ಹಡಗು ಬಂತು, ಲಂಗರು ಹಾಕಿದೆ’ ಎಂದು ಕೇಳಿ ಪೆಟ್ಟಿಗೆ ಹೊತ್ತು ಓಡಬೇಡಿ. ಲಂಗರು ಹಾಕಿದೆ ಎಂದರೆ ಅದು ಹೊರಗೆ ಕಾಯುತ್ತಿದೆ: ಧಕ್ಕೆ ಖಾಲಿಯಿಲ್ಲ, ಇಲ್ಲವೇ ಭರತವೋ, ಹಡಗನ್ನು ಒಳಗೆ ತರುವ ಪೈಲಟೋ ಬರಬೇಕು. ಕಾಯುವುದು ಕೆಲವು ತಾಸೂ ಆದೀತು, ಹಲವು ದಿನವೂ ಆದೀತು. ಹಡಗು ಧಕ್ಕೆಗೆ ಬಂದು, ಹಗ್ಗಗಳನ್ನೆಲ್ಲ ಕಟ್ಟಿ, ಹತ್ತುವ ಮೆಟ್ಟಿಲು (ಗ್ಯಾಂಗ್‌ವೇ) ಇಳಿಸಿದ ಮೇಲೆಯೇ ನೀವು ಹತ್ತುವುದು. ಬಂದರಿನ ಏಜೆಂಟರನ್ನು ಕೇಳುವಾಗ ‘ಯಾವಾಗ ಬರುತ್ತದೆ’ ಎನ್ನಬೇಡಿ, ‘ಯಾವಾಗ ಧಕ್ಕೆಗೆ ಹತ್ತುತ್ತದೆ’ ಎಂದು ಕೇಳಿ. ಬಂದರಿನ ಊರಿನ ವಸತಿಯನ್ನು ಒಂದೇ ರಾತ್ರಿಗೆ ಗೊತ್ತುಮಾಡಿದವರು ತೊಂದರೆಗೆ ಸಿಕ್ಕುತ್ತಾರೆ. ಗ್ಯಾಂಗ್‌ವೇ ಕಡಿದಾಗಿರುವುದರಿಂದ ಗಾಲಿಯ ಪೆಟ್ಟಿಗೆಗಿಂತ ಬೆನ್ನಿಗೇರಿಸುವ ಚೀಲ ಮೇಲು.

ಹಡಗಿನ ಜಾಡು ತೋರಿಸುವ ಆ್ಯಪ್‌ಗಳಲ್ಲೂ ‘ಆ್ಯಟ್ ಆ್ಯಂಕರ್’ (ಲಂಗರು ಹಾಕಿದೆ), ‘ಮೂರ್ಡ್’ (ಹಗ್ಗದಿಂದ ಕಟ್ಟಿದೆ) ಎಂದು ಎರಡು ಬೇರೆ ಸ್ಥಿತಿಗಳಿವೆ. ಅದನ್ನು ಬದಲಿಸುವುದು ಹಡಗಿನ ಅಧಿಕಾರಿ, ಕೈಯಾರೆ. ಅವರು ಮರೆತರೆ ಹಳೆಯದೇ ಉಳಿದಿರುತ್ತದೆ. ಕಣ್ಣಿನಿಂದ ಗುರುತಿಸುವುದಾದರೆ, ಕಾರವಾರದ ಕಡಲತೀರದಲ್ಲಿ ದುರ್ಬೀನು ಹಿಡಿದು ಹಡಗಿನ ಮುಂಭಾಗ ನೋಡಿ. ಲಂಗರು ಹಾಕಿದ ಹಡಗು ಹಗಲಲ್ಲಿ ಅಲ್ಲೊಂದು ಕಪ್ಪು ಚೆಂಡನ್ನು ಏರಿಸಿರುತ್ತದೆ. ರಾತ್ರಿಯಾದರೆ ಸುತ್ತಲಿಗೂ ಕಾಣುವ ಬಿಳಿ ದೀಪ. ಹಡಗು 50 ಮೀಟರ್ ಅಥವಾ ಅದಕ್ಕೂ ಉದ್ದವಿದ್ದರೆ ಹಿಂಭಾಗದಲ್ಲಿ, ತುಸು ಕೆಳಗೆ, ಇನ್ನೊಂದು.