ಯಾವ ಟ್ಯಾಪೆಟ್ ಹಾಕಿಸೋದು?

ದಾವಣಗೆರೆಯ ಪಿ.ಬಿ. ರಸ್ತೆಯ ಯಾವ ಗ್ಯಾರೇಜಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತೆ: 'ಟ್ಯಾಪೆಟ್ ಸೌಂಡ್ ಐತಲ್ಲ ಸಾರ್, ಟೈಟ್ ಮಾಡಿಬಿಡ್ಲಾ?' ಸುಮ್ನೆ ಹೂಂ ಅನ್ನಬೇಡಿ.

ಎಂಜಿನ್ನಿನೊಳಗೆ ತಿರುಗುವ ಉಬ್ಬುಗಳಿರುವ ದಂಡ ಕ್ಯಾಮ್‌ಶಾಫ್ಟ್ (ಕ್ಯಾಮ್). ಅದರ ಉಬ್ಬಿಗೆ ತಾಗಿ ಕೂತು, ಉಬ್ಬು ಬಂದಾಗಲೆಲ್ಲ ಸರಿದು ವಾಲ್ವ್, ಅಂದ್ರೆ ಗಾಳಿ-ಹೊಗೆಯ ಬಾಗಿಲು, ತೆರೆಸುವ ಉಕ್ಕಿನ ತುಂಡೇ ಟ್ಯಾಪೆಟ್. ಲಿಫ್ಟರ್ ಅಂತಲೂ ಕರೀತಾರೆ. ಹಳೆ ಅಂಬಾಸಿಡರ್‌ನಲ್ಲಿ ಇದು ಪುಶ್‌ರಾಡ್ ಅನ್ನೋ ಉದ್ದ ಕಡ್ಡಿ ತಳ್ಳುತ್ತಿತ್ತು, ಆ ಕಡ್ಡಿ ವಾಲ್ವ್ ಒತ್ತುವ ಸನ್ನೆ ರಾಕರನ್ನ ಎತ್ತುತ್ತಿತ್ತು. ಎಂಜಿನ್ 6000 ಆರ್‌ಪಿಎಂನಲ್ಲಿದ್ದರೆ (ನಿಮಿಷಕ್ಕೆ ಅಷ್ಟು ಸುತ್ತು) ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತೆ. ಅಂದ್ರೆ ಪ್ರತಿ ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು.

ಇನ್ನು ಬಿಸಿಯ ತಾಪತ್ರಯ. 100 ಮಿ.ಮೀ. ಉದ್ದದ ಉಕ್ಕಿನ ಕಡ್ಡಿ 100 ಡಿಗ್ರಿ ಬಿಸಿಯೇರಿದರೆ ಸುಮಾರು 0.12 ಮಿ.ಮೀ. ಬೆಳೆಯುತ್ತೆ. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಕಾಯೋದು ಅದಕ್ಕಿಂತ ಎಷ್ಟೋ ಜಾಸ್ತಿ. ಬೆಳೆಯೋಕೆ ಜಾಗ ಇರಲಿ ಅಂತಲೇ ಸಾಲಿಡ್, ಅಂದ್ರೆ ಬರೀ ಗಟ್ಟಿ ತುಂಡಿನ, ಟ್ಯಾಪೆಟ್ ಇರುವ ಎಂಜಿನ್ನಿನಲ್ಲಿ ಕೂದಲೆಳೆಯಷ್ಟು ಗ್ಯಾಪ್ ಬಿಟ್ಟು ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿ) ಹಾಕಿ ನೋಡ್ತಾರೆ. ಟಕಟಕ ಸದ್ದು ಬರೋದು ಆ ಗ್ಯಾಪಿನಿಂದ. ಸದ್ದು ನಿಲ್ಲಿಸೋಕೆ ಅತಿಯಾಗಿ ಟೈಟ್ ಮಾಡಿದರೆ ವಾಲ್ವ್ ತನ್ನ ಸೀಟಿನ (ಮುಚ್ಚಿದಾಗ ಕೂರುವ ಅಂಚಿನ) ಮೇಲೆ ಪೂರ್ತಿ ಕೂರಲ್ಲ, ಅದರ ಬಿಸಿ ಸೀಟಿಗೆ ಇಳಿಯಲ್ಲ, ಕೊನೆಗೆ ವಾಲ್ವೇ ಸುಟ್ಟುಹೋಗುತ್ತೆ.

ಹೈಡ್ರಾಲಿಕ್ ಟ್ಯಾಪೆಟ್ ಈ ಗ್ಯಾಪನ್ನೇ ಇಲ್ಲವಾಗಿಸುತ್ತೆ. ಒಳಗೊಂದು ಮೇಲೆ-ಕೆಳಗೆ ಸರಿಯುವ ಪುಟ್ಟ ಪ್ಲಂಜರ್, ಅದರ ಕೆಳಗೆ ಆಯಿಲನ್ನ ಒಂದೇ ಕಡೆಗೆ ಬಿಡುವ ಚೆಕ್ ವಾಲ್ವಿನ ಗುಂಡು. ಎಂಜಿನ್ ಆಯಿಲ್ ಒಳಗೆ ಬರುತ್ತೆ, ಕ್ಯಾಮ್ ಒತ್ತಿದ ಕೂಡಲೇ ಗುಂಡು ದಾರಿ ಮುಚ್ಚುತ್ತೆ, ಸಿಕ್ಕಿಬಿದ್ದ ಆಯಿಲ್ ಗಟ್ಟಿ ಕಂಬದ ಹಾಗೆ ಭಾರ ಹೊರುತ್ತೆ. ಸ್ವಲ್ಪ ಸೋರಿದ್ದು ಮುಂದಿನ ಸುತ್ತಿನಲ್ಲಿ ತುಂಬಿಕೊಳ್ಳುತ್ತೆ. ಸದ್ದಿಲ್ಲ, ಸೆಟ್ಟಿಂಗ್ ಗೋಜಿಲ್ಲ. 1930ರ ಕ್ಯಾಡಿಲಾಕ್ ವಿ-16ರಲ್ಲೇ ಸದ್ದು ತಗ್ಗಿಸೋಕೆ ಹೈಡ್ರಾಲಿಕ್ ಏರ್ಪಾಡಿತ್ತು.

ಹಾಗಾದ್ರೆ ರೇಸಿನವರು ಯಾಕೆ ಇದನ್ನ ಬೇಡ ಅಂತಾರೆ? ಆರ್‌ಪಿಎಂ ಎರಡು ಪಟ್ಟಾದರೆ ವಾಲ್ವನ್ನ ಕ್ಯಾಮಿನ ಜೊತೆ ಓಡಿಸೋಕೆ ಬೇಕಾದ ಬಲ ನಾಲ್ಕು ಪಟ್ಟಾಗುತ್ತೆ. ಒಂದು ಹಂತದಲ್ಲಿ ವಾಲ್ವ್ ಮುಚ್ಚುವ ಸ್ಪ್ರಿಂಗ್ ಸೋಲುತ್ತೆ, ಟ್ಯಾಪೆಟ್ ಕ್ಯಾಮ್ ಬಿಟ್ಟು ಹಾರುತ್ತೆ, ನಡುವೆ ಗ್ಯಾಪ್ ಬೀಳುತ್ತೆ. ಪಾಪ, ಹೈಡ್ರಾಲಿಕ್‌ಗೆ ಇದೇನು ಗೊತ್ತು! ಗ್ಯಾಪ್ ಕಂಡಿದ್ದೇ ತಡ, ಆಯಿಲ್ ತುಂಬಿಕೊಂಡು ಉದ್ದವಾಗುತ್ತೆ. ಆಮೇಲೆ ವಾಲ್ವ್ ಪೂರ್ತಿ ಮುಚ್ಚಲ್ಲ, ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಶನ್) ಹೋಗುತ್ತೆ, ಪವರ್ ಇದ್ದಕ್ಕಿದ್ದಂತೆ ಬೀಳುತ್ತೆ. ಸಾಲಿಡ್‌ಗೆ ಈ ರೋಗವಿಲ್ಲ, ಆಗಾಗ ಗ್ಯಾಪ್ ನೋಡಿಕೊಳ್ಳಬೇಕು ಅಷ್ಟೇ.

ಇನ್ನೊಂದು ಆಯ್ಕೆ ಕ್ಯಾಮಿಗೆ ತಾಗುವ ಟ್ಯಾಪೆಟ್ ತಳದ್ದು: ಚಪ್ಪಟೆಯೋ, ಪುಟ್ಟ ಚಕ್ರವಿರುವ ರೋಲರೋ? ರೋಲರ್ ಇದ್ದರೆ ಉಜ್ಜಾಟ ಕಡಿಮೆ, ವಾಲ್ವನ್ನ ಬೇಗ ಎತ್ತಿ ಹೆಚ್ಚು ಹೊತ್ತು ತೆರೆದಿಡುವ ಕಡಿದಾದ ಉಬ್ಬಿನ ಕ್ಯಾಮ್ ಹಾಕಬಹುದು. ತೂಕ ಮಾತ್ರ ಜಾಸ್ತಿ, ದುಡ್ಡೂ ಜಾಸ್ತಿ.

ಚಿತ್ರದುರ್ಗದ ಕಡೆ ಹೆದ್ದಾರಿ ಹಿಡಿದು ಟಾಪ್ ಗೇರಿನಲ್ಲಿ ಹೋಗುವಾಗ ಎಂಜಿನ್ ಈ ಮಿತಿಯ ಹತ್ತಿರವೂ ಹೋಗಲ್ಲ. ಪುಶ್‌ರಾಡ್ ಎಂಜಿನ್ ಕಟ್ಟಿಸಿ ರಸ್ತೆಯಲ್ಲೇ ಓಡಿಸುವವರಿಗೆ ಹೈಡ್ರಾಲಿಕ್ ರೋಲರ್ ಸಾಕು ಅನ್ನೋದು ನನ್ನ ಲೆಕ್ಕ. ಪದೇ ಪದೇ 7000 ಆರ್‌ಪಿಎಂ ದಾಟಿಸೋ ಇರಾದೆ ಇದ್ದರೆ ಸಾಲಿಡ್ ನೋಡಿ. ಯಾವುದೇ ಆಗಲಿ, ಟ್ಯಾಪೆಟ್ ಒಂದನ್ನೇ ಕೊಳ್ಳೋದು ದಂಡ, ಅದಕ್ಕೆ ಹೊಂದುವ ಕ್ಯಾಮ್, ಸ್ಪ್ರಿಂಗ್ ಒಟ್ಟಿಗೇ ಬರಬೇಕು.

ಚಪ್ಪಟೆ ತಳದ್ದೇ ಹಾಕಿಸಿದರೆ ಮೊದಲ ಸ್ಟಾರ್ಟಿನಲ್ಲಿ ಐಡಲ್ ಬಿಡಬೇಡಿ. ಸುಮಾರು 20 ನಿಮಿಷ 2000ದ ಮೇಲೇ ಇಡಿ, ಕ್ಯಾಮಿಗೆ ಆಯಿಲ್ ಚಿಮ್ಮೋದು ಆಗಲೇ. ಜಿಂಕ್ ಹೆಚ್ಚಿರುವ ಆಯಿಲ್ಲೇ ಹಾಕಿಸಿ. ಹಳೆ ಟ್ಯಾಪೆಟ್ ಬಿಚ್ಚಿ ವಾಪಸ್ ಕೂರಿಸೋದಾದ್ರೆ ಯಾವುದು ಯಾವ ಉಬ್ಬಿನ ಮೇಲಿತ್ತೋ ಅಲ್ಲಿಗೇ ಹೋಗಬೇಕು, ಮಾರ್ಕ್ ಮಾಡಿಡೋಕೆ ಮೆಕ್ಯಾನಿಕ್‌ಗೆ ಮೊದಲೇ ಹೇಳಿ.