ಶಿವಮೊಗ್ಗದಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಇಪ್ಪತ್ತೇ ನಿಮಿಷವೇ?

ಪ್ರಶ್ನೆ: ನಮ್ಮದು ದಾವಣಗೆರೆ. ಒಂದು ಕಡೆ ಶಿವಮೊಗ್ಗದ ವಿಮಾನ ನಿಲ್ದಾಣ, ಇನ್ನೊಂದು ಕಡೆ ಹುಬ್ಬಳ್ಳಿಯದು. ಇವೆರಡರ ನಡುವೆ ಆಕಾಶಮಾರ್ಗದಲ್ಲಿ ಎಷ್ಟು ದೂರ? ಮೊಬೈಲಿನಲ್ಲಿ ಹುಡುಕಿದರೆ ಹಾರಾಟಕ್ಕೆ ಇಪ್ಪತ್ತು ನಿಮಿಷ ಎಂದು ತೋರಿಸುತ್ತದೆ. ನಂಬಬಹುದೇ?

ಉತ್ತರ: ದೂರವನ್ನು ನಂಬಿ. ಸಮಯವನ್ನು ನಂಬಬೇಡಿ.

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 175 ಕಿ.ಮೀ. ಇದನ್ನು ನೀವೇ ಪರೀಕ್ಷಿಸಬಹುದು. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಹತ್ತಿರ ಹತ್ತಿರ 111 ಕಿ.ಮೀ. ಹುಬ್ಬಳ್ಳಿ ಒಂದೂವರೆ ಡಿಗ್ರಿ ಉತ್ತರಕ್ಕೂ ಅರ್ಧ ಡಿಗ್ರಿ ಪಶ್ಚಿಮಕ್ಕೂ ಇದೆ. ಉಳಿದದ್ದು ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕ.

ಈ ದೂರವನ್ನು ಗಂಟೆಗೆ 500 ಕಿ.ಮೀ. ವೇಗದಿಂದ ಭಾಗಿಸಿದರೆ ಬರುವುದೇ ನಿಮ್ಮ ಇಪ್ಪತ್ತು ನಿಮಿಷ. ಸಣ್ಣ ನಿಲ್ದಾಣಗಳಿಗೆ ಬರುವ ಎಟಿಆರ್-72 ವಿಮಾನದ ವೇಗ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ವೇಗ ಮೇಲೇರಿ ಸಮತಟ್ಟಾಗಿ ಹಾರುವಾಗಿನದು. ಏರುವಾಗ ವೇಗ ಅದಕ್ಕಿಂತ ಎಷ್ಟೋ ಕಡಿಮೆ. ಇಳಿಯುವುದಂತೂ ಬಲು ನಿಧಾನದ ಕೆಲಸ. ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಕೆಳಗೆ ಬರುತ್ತದೆ; ಒಂದು ಕಿ.ಮೀ. ಇಳಿಯಲು 19 ಕಿ.ಮೀ. ಮುಂದೆ ಸಾಗಬೇಕು. ನೆಲದಿಂದ ನಾಲ್ಕು ಕಿ.ಮೀ. ಎತ್ತರದಲ್ಲಿದ್ದರೆ ಇಳಿಯುವುದಕ್ಕೇ 75 ಕಿ.ಮೀ. ಬೇಕು. ಅಂದರೆ ಹುಬ್ಬಳ್ಳಿಗೆ ಹೊರಟ ವಿಮಾನ ಹಾವೇರಿಯ ಆಸುಪಾಸಿನಲ್ಲೇ ತಗ್ಗಲು ತೊಡಗಬೇಕು! ಸಮತಟ್ಟಾಗಿ ಹಾರಲು ಉಳಿಯುವ ದಾರಿ ತೀರಾ ಚಿಕ್ಕದು. ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ ಕೆಲವೊಮ್ಮೆ ನಿಲ್ದಾಣವನ್ನು ಸುತ್ತಿ ಬರಬೇಕು. ಟಿಕೆಟ್ಟಿನ ಸಮಯದಲ್ಲಿ ನೆಲದ ಮೇಲೆ ಉರುಳುವ ನಿಮಿಷಗಳೂ ಸೇರಿರುತ್ತವೆ.

ಬೆಂಗಳೂರು–ಶಿವಮೊಗ್ಗ ವಿಮಾನವನ್ನೇ ನೋಡಿ. 2023ರ ಆಗಸ್ಟ್ 31ರಂದು ಆರಂಭವಾದ ಈ ಮಾರ್ಗದ ನೇರ ದೂರ ಸುಮಾರು 240 ಕಿ.ಮೀ. ಭಾಗಾಕಾರ ಹೇಳುವುದು 29 ನಿಮಿಷ. ವೇಳಾಪಟ್ಟಿಯಲ್ಲಿ ಇಟ್ಟದ್ದು ಒಂದು ಗಂಟೆ, ಅದಕ್ಕೂ ತುಸು ಹೆಚ್ಚು. ಶಿವಮೊಗ್ಗ–ಹುಬ್ಬಳ್ಳಿ ನಡುವೆ ವಿಮಾನ ಹಾರಿದರೂ ಮುಕ್ಕಾಲು ಗಂಟೆಗಿಂತ ಕಡಿಮೆ ಎಣಿಸಬೇಡಿ. ಅಲ್ಲಿ ವಿಮಾನ ಓಡಾಡುತ್ತದೆಯೋ ಇಲ್ಲವೋ ಎಂಬುದನ್ನು ಮೊಬೈಲಿನ ಆ ಲೆಕ್ಕ ನೋಡುವುದೇ ಇಲ್ಲ.

ದಾವಣಗೆರೆಯವರಿಗೆ ಇದು ಬರೀ ಕುತೂಹಲದ ಸಂಗತಿಯಲ್ಲ. ವಯಸ್ಸಾದವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರು ಇಂಥ ನಿಮಿಷಗಳನ್ನು ನೆಚ್ಚಿಕೊಂಡರೆ ಕಷ್ಟ. ಮನೆಯಿಂದ ಹೊನ್ನಾಳಿ ಮೇಲೆ ಸೋಗಾನೆಗೆ ಎರಡು ಗಂಟೆ. ಅಲ್ಲಿ ಒಂದು ಗಂಟೆ ಮೊದಲೇ ಇರಬೇಕು. ಹಾರಾಟಕ್ಕೆ ಒಂದು ಗಂಟೆ. ದೇವನಹಳ್ಳಿಯಿಂದ ಊರೊಳಕ್ಕೆ ಇನ್ನೊಂದು ಗಂಟೆಯಾದರೂ ಬೇಕು. ಒಟ್ಟು ಐದು ಗಂಟೆ. ವಂದೇ ಭಾರತ್ ರೈಲು ನಾಲ್ಕು ಗಂಟೆಯ ಆಸುಪಾಸಿನಲ್ಲಿ ದಾವಣಗೆರೆಯಿಂದ ಮೆಜೆಸ್ಟಿಕ್ ಮುಟ್ಟಿಸುತ್ತದೆ. ಹೈದರಾಬಾದಿನಂಥ ದೂರದ ಊರಾದರೆ ಸೋಗಾನೆಗೆ ಹೋಗುವುದಕ್ಕೆ ಖಂಡಿತ ಅರ್ಥವಿದೆ. ಅಲ್ಲಿಗೆ ನೇರ ದೂರವೇ 480 ಕಿ.ಮೀ. ದಾಟುತ್ತದೆ.