ಉಸಿರನ್ನು ಆಡಿಸಬೇಡಿ, ಆಡಲು ಬಿಡಿ

ಮೈಂಡ್‌ಫುಲ್‌ನೆಸ್ ಧ್ಯಾನ, ಅಂದರೆ ಈ ಗಳಿಗೆಯಲ್ಲಿ ಆಗುತ್ತಿರುವುದನ್ನು ಇದ್ದಂತೆಯೇ ಗಮನಿಸುವ ಧ್ಯಾನ, ಕಲಿಯಲು ಬರುವವರಲ್ಲಿ ಮೊದಮೊದಲು ತಿಣುಕುವವರು ಹೆಚ್ಚಾಗಿ ಪ್ರಾಣಾಯಾಮ ಬಲ್ಲವರು. ‘ಉಸಿರನ್ನು ಗಮನಿಸಿ’ ಎಂದ ತಕ್ಷಣ ಎದೆ ಉಬ್ಬುತ್ತದೆ, ಭುಜ ಮೇಲೇರುತ್ತದೆ, ಉಸಿರು ಉದ್ದವಾಗುತ್ತದೆ. ಪೂರಕ (ಎಳೆಯುವುದು), ಕುಂಭಕ (ಹಿಡಿಯುವುದು), ರೇಚಕ (ಬಿಡುವುದು) ಎಂದು ವರ್ಷಗಟ್ಟಲೆ ಅಳೆದು ಉಸಿರಾಡಿದ ಮೈ ಇನ್ನೇನು ಮಾಡೀತು? ಪ್ರಾಣಾಯಾಮದಲ್ಲಿ ಉಸಿರನ್ನು ನಾವು ನಡೆಸುತ್ತೇವೆ. ಇಲ್ಲಿ ಅದು ನಡೆಯುವುದನ್ನು ನೋಡುತ್ತೇವೆ. ತೊಟ್ಟಿಲಲ್ಲಿ ಮಲಗಿದ ಕೂಸಿನ ಉಸಿರು ಆಡುತ್ತಿದೆಯೇ ಎಂದು ಬಗ್ಗಿ ನೋಡುತ್ತೇವಲ್ಲ, ಹಾಗೆ.

ಈ ತೊಡಕಿಗೆ ಕಾರಣ ದೇಹದಲ್ಲೇ ಇದೆ. ಉಸಿರಾಟಕ್ಕೆ ಇಬ್ಬರು ಯಜಮಾನರು. ನಾವು ನಿದ್ದೆ ಹೋದಾಗಲೂ ಅದನ್ನು ನಡೆಸಿಕೊಂಡು ಹೋಗುವುದು ಮಿದುಳಿನ ಕಾಂಡ; ಹಾಡುವಾಗ, ಈಜುವಾಗ, ಊದುವಾಗ ಮೇಲಿನ ಮಿದುಳು ಅದನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಗಮನ ಅತ್ತ ಹರಿದರೆ ಸಾಕು, ಈ ಎರಡನೆಯ ಯಜಮಾನ ತಾನೇ ಎದ್ದು ಬರುತ್ತಾನೆ. ಅವನನ್ನು ಗದರಿಸಿ ಪ್ರಯೋಜನವಿಲ್ಲ. ಉಸಿರು ಬಿಟ್ಟಾದ ಮೇಲೆ ಒಂದು ಪುಟ್ಟ ಬಿಡುವು ಇರುತ್ತದೆ. ಅಲ್ಲಿ ಸುಮ್ಮನೆ ಕಾಯಿರಿ, ಮುಂದಿನ ಉಸಿರನ್ನು ನೀವಾಗಿ ಎಳೆಯಬೇಡಿ. ಅದು ತಾನಾಗಿಯೇ ಬರುತ್ತದೆ. ಬಂದದ್ದು ಒಮ್ಮೆ ಅನುಭವಕ್ಕೆ ಸಿಕ್ಕರೆ ಮುಕ್ಕಾಲು ಪಾಠ ಮುಗಿದಂತೆ.

ಎಷ್ಟು ಹೊತ್ತು ಕೂರಬೇಕು? ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ 8 ವಾರಗಳ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮದಲ್ಲಿ ಮನೆಯ ಅಭ್ಯಾಸವೇ ದಿನಕ್ಕೆ ಸುಮಾರು 45 ನಿಮಿಷ. ಇದನ್ನು ಓದಿದವರು ಮೊದಲ ದಿನವೇ 45 ನಿಮಿಷ ಕೂತು ನಾಲ್ಕನೆಯ ದಿನ ಬಿಟ್ಟುಬಿಡುತ್ತಾರೆ. ಅಲ್ಲಿ ವಾರವಾರ ಕೇಳಲು ಶಿಕ್ಷಕರಿರುತ್ತಾರೆ, ಜೊತೆಗೆ ಕೂರಲು ಹತ್ತಾರು ಜನ ಇರುತ್ತಾರೆ. ಮನೆಯಲ್ಲಿ ಒಬ್ಬರೇ ಕೂರುವವರಿಗೆ 10 ನಿಮಿಷ ಸಾಕು, ಆದರೆ ದಿನಾ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದಾದರೆ ಕಂಬಳಿಯನ್ನು ಮಡಿಸಿ 3–4 ಇಂಚು ಎತ್ತರ ಮಾಡಿ ಕುಂಡಿಯ ಕೆಳಗೆ ಮಾತ್ರ ಇಡಿ. ಸೊಂಟ ಮಂಡಿಗಿಂತ ಮೇಲಿರಬೇಕು. ಇಲ್ಲವಾದರೆ ಐದೇ ನಿಮಿಷಕ್ಕೆ ಬೆನ್ನು ಕುಸಿಯುತ್ತದೆ. ಕಾಲು ಜೋಮು ಹಿಡಿಯುವುದು ನರ ಒತ್ತಿದ್ದರಿಂದ. ಅದು ಸಾಧನೆಯ ಲಕ್ಷಣವೇನೂ ಅಲ್ಲ, ಕಾಲು ಬದಲಿಸಿ. ಜೋಮು ಹಿಡಿದ ಕಾಲಲ್ಲಿ ದಡಕ್ಕನೆ ಎದ್ದರೆ ಪಾದ ಮಡಚಿ ಬೀಳುವ ಅಪಾಯವಿದೆ. ಮಂಡಿನೋವಿದ್ದವರಿಗೆ ಕುರ್ಚಿಯೇ ಸರಿ: ಎರಡೂ ಪಾದ ನೆಲಕ್ಕೆ, ಬೆನ್ನು ಕುರ್ಚಿಯ ಒರಗಿಗಿಂತ ಒಂದು ಗೇಣು ಮುಂದೆ. ಊಟವಾದ ತಕ್ಷಣ ಕೂರಬೇಡಿ, ತೂಕಡಿಕೆ ಬರುತ್ತದೆ. ಆದರೂ ನಿದ್ದೆ ಬಂದರೆ ಕಣ್ಣು ಅರೆ ತೆರೆದು ಮೂರು ನಾಲ್ಕು ಅಡಿ ಮುಂದೆ ನೆಲ ನೋಡಿ.

ಈಗ ಮೂಗಿನ ಹೊಳ್ಳೆಯ ಅಂಚಿಗೆ ಬನ್ನಿ. ಒಳಗೆ ಹೋಗುವ ಗಾಳಿ ತುಸು ತಂಪು, ಹೊರಗೆ ಬರುವುದು ತುಸು ಬೆಚ್ಚಗೆ. ಎರಡು ಹೊಳ್ಳೆಯಲ್ಲೂ ಒಂದೇ ಸಮ ಹರಿಯುವುದು ಅಪರೂಪ, ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ. ಅದನ್ನು ಸರಿಪಡಿಸಲು ಹೋಗಬೇಡಿ, ಹಾಗಿದೆ ಎಂದು ತಿಳಿದರೆ ಸಾಕು. ನೆಗಡಿಯಾಗಿದ್ದರೆ ಹೊಕ್ಕುಳ ಮೇಲೆ ಅಂಗೈ ಇಟ್ಟು ಹೊಟ್ಟೆಯ ಏರಿಳಿತ ಹಿಡಿಯಿರಿ.

ಪ್ರತಿ ಉಸಿರು ಹೊರಬಿಡುವಾಗ ಮನಸ್ಸಿನಲ್ಲೇ ಎಣಿಸಿ: ಒಂದರಿಂದ ಹತ್ತು, ಮತ್ತೆ ಒಂದು. ಸುಮ್ಮನೆ ಕೂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಹತ್ತು ನಿಮಿಷಕ್ಕೆ ನೂರಿಪ್ಪತ್ತಾದರೂ ಆಯಿತು. ಅದರಲ್ಲಿ ಒಂದೇ ಒಂದು ಹತ್ತು ಪೂರ್ತಿ ಸಿಗದ ದಿನಗಳೂ ಇರುತ್ತವೆ. ಎಣಿಕೆ ಎರಡು ಬಗೆಯಲ್ಲಿ ಕೆಡುತ್ತದೆ. ಮೂರಕ್ಕೋ ನಾಲ್ಕಕ್ಕೋ ಕರೆಂಟ್ ಬಿಲ್ ನೆನಪಾಗಿ ಎಣಿಕೆ ಕಳೆದುಹೋಗುವುದು ಒಂದು. ಇನ್ನೊಂದು ಹೆಚ್ಚು ಮೋಸದ್ದು: ಎಚ್ಚರವಾದಾಗ ನೀವು 23ರಲ್ಲಿರುತ್ತೀರಿ! ಬಾಯಿಪಾಠದ ಮಗ್ಗಿಯಂತೆ ಎಣಿಕೆ ತನ್ನಷ್ಟಕ್ಕೆ ಓಡಿದೆ, ಉಸಿರು ಎಲ್ಲೋ ಉಳಿದಿದೆ. ಎರಡಕ್ಕೂ ಮದ್ದು ಒಂದೇ, ಮತ್ತೆ ಒಂದರಿಂದ. ಬೈದುಕೊಳ್ಳುವುದು ಬೇಡ, ಆ ಬೈಗುಳವೂ ಇನ್ನೊಂದು ಯೋಚನೆಯೇ.

ಹೀಗೆ ಉಸಿರನ್ನು ಗಮನಿಸುವುದಕ್ಕೆ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ಆನಾಪಾನಸತಿ ಎನ್ನುತ್ತಾರೆ. ಆನಾಪಾನ ಎಂದರೆ ಒಳಗೆ ಹೊರಗೆ ಆಡುವ ಉಸಿರು. ಇಲ್ಲಿ ಸತಿ ಎಂದರೆ ಪತಿಯ ಜೊತೆಗಿನ ಸತಿಯಲ್ಲ. ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ಮನಸ್ಸು ಅಲೆಯದಂತೆ ಕಟ್ಟಿಹಾಕಿ ಎಂದು ಆ ಹೆಸರು ಹೇಳುತ್ತಿಲ್ಲ. ‘ಅರೆ, ಎಲ್ಲಿಗೋ ಹೋಗಿದ್ದೆ’ ಎಂದು ನೆನಪಾಗುವ ಗಳಿಗೆಯೇ ಅಭ್ಯಾಸ. ಹತ್ತು ನಿಮಿಷದಲ್ಲಿ ನಲವತ್ತು ಸಲ ಅಲೆದು ನಲವತ್ತು ಸಲ ಮರಳಿದವರು ನಲವತ್ತು ಸಲ ಅಭ್ಯಾಸ ಮಾಡಿದಂತಾಯಿತು. ಜಪವನ್ನು ಇದೇ ಹತ್ತು ನಿಮಿಷದೊಳಗೆ ಬೆರೆಸಬೇಡಿ ಎನ್ನುವುದೂ ಇದಕ್ಕೇ. ನಾಲಿಗೆ ಹಿಡಿದ ಮಂತ್ರ ಎಷ್ಟು ಸಲೀಸಾಗಿ ಓಡುತ್ತದೆಂದರೆ, ಅಲೆದಾಟ ಗೊತ್ತೇ ಆಗುವುದಿಲ್ಲ. ಜಪಕ್ಕೆ ಬೇರೆ ಹೊತ್ತಿದೆ.

ಕೆಲವರಿಗೆ, ಮುಖ್ಯವಾಗಿ ಪ್ಯಾನಿಕ್ (ಇದ್ದಕ್ಕಿದ್ದಂತೆ ವಿಪರೀತ ಭಯ ಆವರಿಸುವ ತೊಂದರೆ) ಇರುವವರಿಗೆ, ಉಸಿರು ಗಮನಿಸಿದಷ್ಟೂ ಉಸಿರುಗಟ್ಟಿದಂತೆ ಆಗುತ್ತದೆ. ಅಂಥವರು ಹಠ ಮಾಡಬಾರದು. ಕಣ್ಣು ತೆರೆದು, ಅಂಗಾಲು ನೆಲಕ್ಕೆ ತಾಗಿರುವ ಒತ್ತಡವನ್ನೋ, ಫ್ಯಾನಿನ ಸದ್ದನ್ನೋ ಹಿಡಿಯಲಿ. ಅದೂ ಪೂರ್ತಿ ಧ್ಯಾನವೇ. ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ವೈದ್ಯರನ್ನು ಕೇಳಲಿ. ಧ್ಯಾನ ಶುರುವಾಯಿತೆಂದು ಮಾತ್ರೆ ನಿಲ್ಲಿಸುವಂತಿಲ್ಲ.

ಎರಡು ವಾರ ತಪ್ಪದೆ ಕೂತ ಮೇಲೆ 15 ನಿಮಿಷಕ್ಕೆ ಏರಿಸಿ, ಕೊನೆಯ ಐದು ನಿಮಿಷ ಎಣಿಕೆ ಬಿಟ್ಟು ನೋಡಿ. ಲೆಕ್ಕ ಇಡಲು ಆ್ಯಪ್ ಬೇಕಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಕೂತ ದಿನಕ್ಕೊಂದು ಗೀಟು ಹಾಕಿ. ಧ್ಯಾನ ಚೆನ್ನಾಯಿತೋ ಇಲ್ಲವೋ ಎಂದು ಅದರಲ್ಲಿ ಬರೆಯಬೇಡಿ.